ಖಾಲಾರ ಹೊಲಿಗೆ ಯಂತ್ರ ಮತ್ತು 2005ರ ಕಾಯ್ದೆ

ನಮ್ಮ ಮನೆಯಲ್ಲಿ ಮಾತಾಡುವುದು ಉರ್ದು. ಕನ್ನಡವನ್ನು ಸರಾಗವಾಗಿ ಓದಿ ಬರೆಯಲು ಬರುವುದು ನನಗೆ ಮತ್ತು ನನ್ನ ತಮ್ಮನಿಗೆ ಮಾತ್ರ. ಆದ್ದರಿಂದ ಕರೆಂಟ್ ಬಿಲ್ಲು, ರೇಷನ್ ಕಾರ್ಡಿನ ಅರ್ಜಿ, ಪುರಸಭೆಯ ನೋಟಿಸು ಏನೇ ಬಂದರೂ ಅಬ್ಬಾ ಅದನ್ನು ನನ್ನ ಕೈಗೆ ಕೊಟ್ಟು "ಪಢ್ ಕೆ ಬೋಲ್" ಅನ್ನುತ್ತಾರೆ. ಹೋದ ವರ್ಷ ಹೀಗೆ ನನ್ನ ಕೈಗೆ ಬಂದ ಕಾಗದಗಳು ನನ್ನ ಚಿಕ್ಕ ಖಾಲಾರ ಕೇಸಿನವು. ಅವನ್ನು ಓದಿ ಉರ್ದುವಿನಲ್ಲಿ ಹೇಳುತ್ತಾ ಹೇಳುತ್ತಾ ನಾನು ಒಂದು ಕಾನೂನನ್ನು ಕಲಿತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಈ ಲೇಖನವನ್ನು ಖಾಲಾರಿಗೆ ಉರ್ದುವಿನಲ್ಲಿ ಓದಿ ಹೇಳಿ ಅವರ ಒಪ್ಪಿಗೆ ಪಡೆದಿದ್ದೇನೆ. ಅವರು ಎರಡು ವಿಷಯ ತೆಗೆಯಲು ಹೇಳಿದರು, ತೆಗೆದಿದ್ದೇನೆ. ಊರು, ಹೆಸರು ಯಾವುದನ್ನೂ ಹಾಕಿಲ್ಲ. ಗೊತ್ತಿರುವವರು ದಯವಿಟ್ಟು ಅದರ ಬಗ್ಗೆ ಕ್ಯಾಂಟೀನಿನಲ್ಲಿ ಚರ್ಚೆ ಮಾಡಬೇಡಿ.

ನಾನು ಪ್ರಥಮ ಪಿಯುಸಿ ವಾರ್ಷಿಕ ಪರೀಕ್ಷೆಗೆ ಓದುತ್ತಿದ್ದಾಗ ಒಂದು ರಾತ್ರಿ ಹನ್ನೊಂದು ಗಂಟೆಗೆ ಮನೆ ಮುಂದೆ ಆಟೋ ನಿಂತಿತು. ಖಾಲಾ ಎರಡು ಮಕ್ಕಳ ಜೊತೆ ಇಳಿದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಆಟೋದವರಿಗೆ ಅಬ್ಬಾ ದುಡ್ಡು ಕೊಟ್ಟರು. ಕೈಯಲ್ಲಿ ಆಧಾರ್ ಕಾರ್ಡ್ ಇಲ್ಲ, ಬ್ಯಾಂಕ್ ಪಾಸ್‌ಬುಕ್ ಇಲ್ಲ, ಮಕ್ಕಳ ಶಾಲೆಯ ಒಂದು ಕಾಗದವೂ ಇಲ್ಲ. ಎಡಗಣ್ಣಿನ ಕೆಳಗೆ ಊದಿಕೊಂಡಿತ್ತು. ನಾನಿ ಬಾಗಿಲು ಹಾಕಿ ಮೊದಲು ಹೇಳಿದ್ದು, "ಘರ್ ಕಿ ಬಾತ್ ಘರ್ ಮೆಂಚ್ ರೆಹ್ನಾ." ಮನೆ ಮಾತು ಮನೆಯಲ್ಲೇ ಇರಬೇಕು ಅಂತ.

ಮುಂದಿನ ವಾರ ಎರಡೂ ಕಡೆಯ ಹಿರಿಯರು ಕೂತು ಮಾತಾಡಿದರು. ಖಾಲು ಇನ್ನು ಮುಂದೆ ಕೈ ಎತ್ತುವುದಿಲ್ಲ ಅಂದರು. ಖಾಲಾರನ್ನು ಕಳಿಸಿದೆವು. ರಂಜಾನ್ ಕಳೆದು ಒಂದು ತಿಂಗಳಾಗುವುದರೊಳಗೆ ಅವರು ಮತ್ತೆ ಬಂದರು. ಈ ಸಲ ಹೊಡೆತದ ಜೊತೆಗೆ ಇನ್ನೊಂದು ಆಗಿತ್ತು. ಖಾಲಾರ ಹೊಲಿಗೆ ಯಂತ್ರವನ್ನು ಖಾಲು ಮಾರಿಬಿಟ್ಟಿದ್ದರು. ಬ್ಲೌಸ್ ಹೊಲಿದು, ಸೀರೆಗೆ ಫಾಲ್ ಹಚ್ಚಿ ಕೂಡಿಟ್ಟ ದುಡ್ಡಿನಲ್ಲಿ ಅವರೇ ಕೊಂಡ ಯಂತ್ರ ಅದು. ಹೊಡೆದದ್ದನ್ನು ಹೇಳುವಾಗ ಅಳದ ಖಾಲಾ ಯಂತ್ರದ ವಿಷಯ ಹೇಳುವಾಗ ಅತ್ತರು. ಆಗ ನನಗೆ ಅದು ವಿಚಿತ್ರ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ.

ಅಮ್ಮಿ ಮತ್ತು ಖಾಲಾ ಠಾಣೆಗೆ ಹೋದರು. ಯಾವ ಠಾಣೆ ಅಂತ ಬರೆಯುವುದಿಲ್ಲ. ಅಲ್ಲಿ ಇದ್ದವರು, "ಕಂಪ್ಲೇಂಟ್ ಕೊಟ್ಟರೆ ಗಂಡ ಒಳಗೆ ಹೋಗ್ತಾನೆ, ಆಮೇಲೆ ನಿಮ್ಮನ್ನು ಯಾರು ನೋಡ್ಕೋತಾರೆ? ಹೋಗಿ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದು ಕಳಿಸಿದರು. ಏನೂ ಬರೆದುಕೊಳ್ಳಲಿಲ್ಲ. ಖಾಲಾರಿಗೂ ಅದೇ ಭಯ ಇತ್ತು. ಒಂದೋ ಹೊಡೆತ ತಿನ್ನಬೇಕು, ಇಲ್ಲವೇ ಗಂಡನನ್ನು ಜೈಲಿಗೆ ಹಾಕಿಸಿ ಮನೆ ಮುರಿದುಕೊಳ್ಳಬೇಕು, ಇವೆರಡೇ ದಾರಿ ಅಂತ ನಾವೆಲ್ಲ ತಿಳಿದಿದ್ದೆವು.

ಮೂರನೆಯ ದಾರಿ ಹೇಳಿದ್ದು ನಮ್ಮ ಬೀದಿಯ ಅಂಗನವಾಡಿ ಟೀಚರ್. "ನಮ್ಮ ಸಿಡಿಪಿಒ ಆಫೀಸಿಗೆ ಹೋಗಿ, ಅಲ್ಲಿ ಡಿ.ವಿ. ಅರ್ಜಿ ತಗೋತಾರೆ" ಅಂದರು. ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿ ಅಂದರೆ ಅಂಗನವಾಡಿ ಮಕ್ಕಳ ಮೊಟ್ಟೆ, ಹಾಲಿನ ಪುಡಿಗೆ ಸಂಬಂಧಿಸಿದ್ದು ಅಂತಷ್ಟೇ ನನಗೆ ಗೊತ್ತಿತ್ತು. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ ಕೂಡ. ನೊಂದ ಮಹಿಳೆಗೂ ಕೋರ್ಟಿಗೂ ನಡುವೆ ನಿಂತು ಕೆಲಸ ಮಾಡುವವರು.

ಕಾಯ್ದೆಯ ಪೂರ್ತಿ ಹೆಸರು ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದಕ್ಕೂ ಮೊದಲು ಇದ್ದದ್ದು ಭಾರತೀಯ ದಂಡ ಸಂಹಿತೆಯ 498ಎ ಕಲಂ, ಅದು 1983ರಲ್ಲಿ ಸೇರಿದ್ದು. ಗಂಡ ಅಥವಾ ಗಂಡನ ಸಂಬಂಧಿಕರು ಹೆಂಡತಿಗೆ ಕ್ರೌರ್ಯ ಮಾಡಿದರೆ ಮೂರು ವರ್ಷದವರೆಗೆ ಜೈಲು ಮತ್ತು ದಂಡ ಅನ್ನುತ್ತದೆ. 2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 85 ಮತ್ತು 86ನೇ ಕಲಂ ಆಗಿದೆ. ಅದು ಶಿಕ್ಷೆಯ ಕಾನೂನು. ಆದರೆ ಶಿಕ್ಷೆ ಆಗುವವರೆಗೆ ಆ ಹೆಣ್ಣುಮಗಳು ಎಲ್ಲಿರಬೇಕು, ಏನು ತಿನ್ನಬೇಕು, ಮಕ್ಕಳ ಶಾಲೆ ಫೀಸು ಯಾರು ಕಟ್ಟಬೇಕು ಅನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ. 2005ರ ಕಾಯ್ದೆ ಉತ್ತರ ಕೊಡುವುದು ಈ ಪ್ರಶ್ನೆಗಳಿಗೆ. ಅರ್ಜಿ ಹೋಗುವುದು ಮ್ಯಾಜಿಸ್ಟ್ರೇಟ್ ಕೋರ್ಟಿಗೇ ಆದರೂ ಅದರಲ್ಲಿ ಕೇಳುವುದು ಸಿವಿಲ್ ಪರಿಹಾರ. ಹೊಡೆಯುವುದು ನಿಲ್ಲಬೇಕು, ಮನೆಯಿಂದ ಹೊರಗೆ ಹಾಕಬಾರದು, ಖರ್ಚಿಗೆ ಕೊಡಬೇಕು, ಮಕ್ಕಳು ತಾಯಿಯ ಬಳಿ ಇರಬೇಕು ಅಂತ ಕೇಳಬಹುದು. ಅರ್ಜಿ ಹಾಕಿದ ಮಾತ್ರಕ್ಕೆ ಯಾರನ್ನೂ ಬಂಧಿಸುವುದಿಲ್ಲ. ತಲಾಖ್ ಆಗಬೇಕಾಗಿಯೂ ಇಲ್ಲ. ಮದುವೆ ಹಾಗೆಯೇ ಇರಲಿ, ಏಟು ಮಾತ್ರ ಬೇಡ ಅನ್ನುವವರೂ ಅರ್ಜಿ ಹಾಕಬಹುದು. ಖಾಲಾ ಹೇಳುತ್ತಿದ್ದದ್ದೂ ಅದನ್ನೇ. ಠಾಣೆಯಲ್ಲಿ ಇದನ್ನು ಅವರಿಗೆ ಯಾರೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಇಂಥ ದೂರು ಬಂದಾಗ ಈ ಕಾಯ್ದೆಯಲ್ಲಿ ಇರುವ ಹಕ್ಕುಗಳನ್ನು, ಉಚಿತ ಕಾನೂನು ನೆರವನ್ನು ತಿಳಿಸುವುದು ಪೊಲೀಸರ ಕರ್ತವ್ಯ ಅಂತ ಐದನೇ ಕಲಂನಲ್ಲೇ ಬರೆದಿದೆ.

ಸಿಡಿಪಿಒ ಕಚೇರಿಗೆ ಖಾಲಾರ ಜೊತೆ ನಾನು ಹೋದೆ, ದುಭಾಷಿಯಾಗಿ. ಅಲ್ಲಿ ಕೌಟುಂಬಿಕ ಘಟನಾ ವರದಿ ಅಂತ ಒಂದು ನಮೂನೆ ತುಂಬಿಸುತ್ತಾರೆ. ಖಾಲಾ ಬರೀ ಹೊಡೆದದ್ದನ್ನು ಹೇಳಿ ಸುಮ್ಮನಾದರು. ಆದರೆ ನಮೂನೆ ಅಲ್ಲಿಗೆ ಮುಗಿಯುವುದಿಲ್ಲ. ಕಾಯ್ದೆಯ ಪ್ರಕಾರ ದೌರ್ಜನ್ಯ ನಾಲ್ಕು ಬಗೆ: ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ. ಗಂಡು ಮಗು ಹುಟ್ಟಲಿಲ್ಲ ಅಂತ ಹಂಗಿಸುವುದು, ತವರಿನವರನ್ನು ಬೈಯುವುದು ಮಾನಸಿಕ. ದುಡಿದ ದುಡ್ಡು ಕಿತ್ತುಕೊಳ್ಳುವುದು, ಮನೆ ಖರ್ಚಿಗೆ ಕೊಡದಿರುವುದು, ಅವಳ ಒಡವೆ ವಸ್ತು ಮಾರುವುದು ಆರ್ಥಿಕ. ಅಧಿಕಾರಿ ಒಂದೊಂದೇ ಕೇಳಿದರು, ನಾನು ಉರ್ದುವಿನಲ್ಲಿ ಹೇಳುತ್ತಾ ಹೋದೆ. ಹೊಲಿಗೆ ಯಂತ್ರದ ವಿಷಯ ಬಂದಾಗ ಅವರು, "ಇದನ್ನು ಮೊದಲೇ ಯಾಕೆ ಹೇಳಲಿಲ್ಲಮ್ಮಾ, ಇದೂ ದೌರ್ಜನ್ಯವೇ" ಅಂದರು. ಖಾಲಾರ ಮುಖ ನೋಡಬೇಕಿತ್ತು. ಯಂತ್ರ ಮಾರಿದ್ದು ಅವರಿಗೆ ಆದ ಅನ್ಯಾಯ ಅಂತ ಮನೆಯಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಕೂಡ.

ಲೈಂಗಿಕ ಅನ್ನುವ ಕಾಲಂ ಬಂದಾಗ ನನ್ನ ಬಾಯಿ ಕಟ್ಟಿತು. ಆ ಪ್ರಶ್ನೆಗಳನ್ನು ಖಾಲಾರಿಗೆ ನಾನು ಹೇಗೆ ಕೇಳಲಿ? ಅಧಿಕಾರಿಗೆ ಅರ್ಥವಾಯಿತು. ನನ್ನನ್ನು ಹೊರಗೆ ಕೂರಲು ಹೇಳಿ, ಹಿಂದಿ ಬರುವ ಒಬ್ಬ ಮಹಿಳಾ ಸಿಬ್ಬಂದಿಯನ್ನು ಕರೆದರು. ಬಾಗಿಲು ಇಪ್ಪತ್ತು ನಿಮಿಷ ಮುಚ್ಚಿತ್ತು. ಒಳಗೆ ಏನು ಬರೆದುಕೊಂಡರು ನನಗೆ ಗೊತ್ತಿಲ್ಲ, ಆ ಹಾಳೆಯನ್ನು ನಾನು ಓದಿಲ್ಲ. ನಮ್ಮಂಥ ಮನೆಗಳಿಂದ ಹೀಗೆ ಮಕ್ಕಳು ದುಭಾಷಿಗಳಾಗಿ ಹೋಗುವುದು ಸಾಮಾನ್ಯ. ಹೋದರೆ ಮೊದಲೇ ಕೇಳಿ, ನಿಮ್ಮ ಬದಲು ಇನ್ನೊಬ್ಬ ಮಹಿಳೆ ಸಿಗುತ್ತಾರಾ ಅಂತ.

ಘಟನಾ ವರದಿ ಇಲ್ಲದಿದ್ದರೂ ಅರ್ಜಿ ಹಾಕಬಹುದು. 2022ರಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದು ಕಡ್ಡಾಯವಲ್ಲ ಎಂದಿದೆ. ಮಹಿಳೆ ತಾನೇ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಗಂಡನ ಊರಿನ ಕೋರ್ಟಿಗೇ ಹೋಗಬೇಕಾಗಿಲ್ಲ, ತಾತ್ಕಾಲಿಕವಾಗಿ ತವರಿನಲ್ಲಿ ಇದ್ದರೆ ಅಲ್ಲಿನ ಕೋರ್ಟೇ ಸಾಕು. ವಕೀಲರಿಗೆ ದುಡ್ಡಿಲ್ಲದಿದ್ದರೆ ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಆದಾಯ ಪ್ರಮಾಣಪತ್ರ ಬೇಕು ಅಂತ ಅಂದುಕೊಂಡು ನಾವು ನಾಡಕಚೇರಿಗೆ ಎರಡು ಸಲ ಓಡಾಡಿದ್ದು ದಂಡ.

ಮನೆಯಲ್ಲಿ ಇದರ ನಡುವೆ ಇನ್ನೊಂದು ವಾದ ನಡೆಯುತ್ತಿತ್ತು. ಮಾಮು ಹೇಳಿದರು, "ಇದು ಅವರ ಕಾನೂನು. ನಮಗೆ ಶರೀಅತ್ ಇದೆ, ಕೋರ್ಟಿನಲ್ಲಿ ನಡೆಯಲ್ಲ." ಇದೇ ಮಾತನ್ನು ನಮ್ಮ ತರಗತಿಯಲ್ಲೂ ಕೇಳಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 2005ರ ಕಾಯ್ದೆಯಲ್ಲಿ ಧರ್ಮದ ಪ್ರಶ್ನೆಯೇ ಇಲ್ಲ. ಒಂದೇ ಮನೆಯಲ್ಲಿ ಬಾಳುತ್ತಿರುವ ಅಥವಾ ಬಾಳಿದ, ರಕ್ತಸಂಬಂಧದಿಂದಲೋ ಮದುವೆಯಿಂದಲೋ ದತ್ತಿನಿಂದಲೋ ಸಂಬಂಧವಿರುವ ಯಾವ ಮಹಿಳೆಯೂ ಅರ್ಜಿ ಹಾಕಬಹುದು. ಹೆಂಡತಿ ಮಾತ್ರ ಅಲ್ಲ, ತಾಯಿ, ತಂಗಿ, ಮಗಳು, ಗಂಡ ತೀರಿಹೋದ ಸೊಸೆ ಕೂಡ. ಮುಸ್ಲಿಂ ಮಹಿಳೆಯೊಬ್ಬರ ಪ್ರಕರಣವೇ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಜುವೇರಿಯಾ ಅಬ್ದುಲ್ ಮಜೀದ್ ಪಟ್ನಿ ಪ್ರಕರಣ, 2014. ಗಂಡನ ಕಡೆಯವರ ವಾದ ಮದುವೆ ಮುಗಿದುಹೋಗಿದೆ, ಇನ್ನು ಅರ್ಜಿ ನಿಲ್ಲುವುದಿಲ್ಲ ಎಂಬುದಾಗಿತ್ತು. ಮದುವೆ ಇದ್ದಾಗ ನಡೆದ ದೌರ್ಜನ್ಯಕ್ಕೆ ಆಮೇಲೆ ವಿಚ್ಛೇದನ ಆದರೂ ಪರಿಹಾರ ಕೇಳಬಹುದು ಅಂತ ಕೋರ್ಟ್ ಹೇಳಿತು. ಜೀವನಾಂಶದ ಸಾಮಾನ್ಯ ಕಾನೂನು ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಇದೆ ಅಂತ 2024ರ ಜುಲೈನಲ್ಲಿ ಅಬ್ದುಲ್ ಸಮದ್ ಪ್ರಕರಣದಲ್ಲಿ ಮತ್ತೊಮ್ಮೆ ಹೇಳಿದೆ. ಇನ್ನು ಕ್ರೌರ್ಯದ ಕಾರಣಕ್ಕೆ ಮುಸ್ಲಿಂ ಮಹಿಳೆ ಕೋರ್ಟಿನಲ್ಲಿ ನಿಕಾಹ್ ರದ್ದು ಕೇಳುವ ಹಕ್ಕು 1939ರ ಕಾಯ್ದೆಯಿಂದಲೇ ಇದೆ, ಅಂದರೆ ಸ್ವಾತಂತ್ರ್ಯಕ್ಕಿಂತ ಮೊದಲಿನಿಂದ.

ಹಾಗಾದರೆ ಜಮಾತಿನ ಹಿರಿಯರು ಬೇಡವೇ? ಬೇಡ ಅನ್ನುತ್ತಿಲ್ಲ. ನಮ್ಮ ಖಾಲಾರ ಮೆಹರಿನ ವಿಷಯದಲ್ಲಿ ಹಿರಿಯರೊಬ್ಬರ ಸಾಕ್ಷಿ ತುಂಬಾ ಉಪಯೋಗಕ್ಕೆ ಬಂತು. ಆದರೆ 2014ರಲ್ಲಿ ವಿಶ್ವ ಲೋಚನ್ ಮದನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವಂತೆ ದಾರುಲ್ ಖಜಾದ ತೀರ್ಮಾನಕ್ಕೆ ಕಾನೂನಿನ ಬಲ ಇಲ್ಲ. ಎರಡೂ ಕಡೆಯವರು ಒಪ್ಪಿ ರಾಜಿಯಾದರೆ ಸರಿ, ಒಪ್ಪಲೇಬೇಕು ಅಂತ ಯಾರನ್ನೂ ಬಲವಂತ ಮಾಡುವಂತಿಲ್ಲ. ನಮ್ಮ ಮನೆಯಲ್ಲಿ ಮೊದಲ ಸಲ ಆದ ರಾಜಿಗೆ ಒಂದು ಚೀಟಿಯೂ ಇರಲಿಲ್ಲ. ಖಾಲು ಮಾತು ಮುರಿದಾಗ ಕೇಳುವವರೇ ಇರಲಿಲ್ಲ. ಕೋರ್ಟಿನ ಸಂರಕ್ಷಣಾ ಆದೇಶವನ್ನು ಮುರಿದರೆ ಹಾಗಲ್ಲ, ಅದು ಅಪರಾಧ. ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಜೈಲಿನ ಮಾತು ಈ ಕಾಯ್ದೆಯಲ್ಲಿ ಬರುವುದು ಇಲ್ಲಿ. ಅಂದರೆ ಮೊದಲ ಹೊಡೆತಕ್ಕೆ ಅಲ್ಲ, ಹೊಡೆಯಬೇಡ ಅಂತ ಕೋರ್ಟ್ ಹೇಳಿದ ಮೇಲೂ ಹೊಡೆದರೆ.

ಖಾಲು ವಕೀಲರನ್ನು ಇಟ್ಟರು. ಅವರ ಉತ್ತರ ಬಂದಾಗ ಅದನ್ನೂ ಓದಿದ್ದು ನಾನೇ. ಓದುವಾಗ ಸಿಟ್ಟು ಬಂತು. ಆದರೆ ಅವರಿಗೂ ಕಾನೂನಿನಲ್ಲಿ ಜಾಗ ಇದೆ, ಇರಬೇಕು ಕೂಡ. ಅದನ್ನು ಬಿಟ್ಟರೆ ಈ ಲೇಖನ ಅರ್ಧ ಆಗುತ್ತದೆ.

ಅವರ ಮೊದಲ ವಾದ, ಮನೆ ನನ್ನ ತಂದೆಯ ಹೆಸರಿನಲ್ಲಿದೆ, ನನ್ನದಲ್ಲ, ಆದ್ದರಿಂದ ಹೆಂಡತಿಗೆ ಅಲ್ಲಿ ಇರುವ ಹಕ್ಕಿಲ್ಲ ಅಂತ. ಈ ವಾದ ಒಂದು ಕಾಲದಲ್ಲಿ ಗೆಲ್ಲುತ್ತಿತ್ತು. 2006ರ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅತ್ತೆಯ ಮನೆ ಸೊಸೆಯ ಪಾಲಿಗೆ 'ಹಂಚಿಕೊಂಡ ಮನೆ' ಆಗುವುದಿಲ್ಲ ಅಂದಿತ್ತು. 2020ರ ಅಕ್ಟೋಬರ್‌ನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ಮನೆ ಯಾರ ಹೆಸರಿನಲ್ಲಿದ್ದರೂ ಅವಳು ಸೊಸೆಯಾಗಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಕೇಳಬಹುದು. ಆದರೆ ಆ ಹಕ್ಕಿಗೂ ಮಿತಿ ಇದೆ. ವಯಸ್ಸಾದ ಅತ್ತೆ ಮಾವಂದಿರು ನೆಮ್ಮದಿಯಿಂದ ಇರುವುದನ್ನೂ ಕೋರ್ಟ್ ನೋಡಬೇಕು, ಬೇಕಾದರೆ ಗಂಡ ಬೇರೆ ಬಾಡಿಗೆ ಮನೆ ಮಾಡಿಕೊಡಲಿ ಅಂತ ಆದೇಶಿಸಬಹುದು. ಮನೆ ಬಿಟ್ಟು ಹೊರಗೆ ಹೋಗು ಅನ್ನುವ ಆದೇಶವನ್ನು ಮನೆಯ ಹೆಂಗಸರ ಮೇಲೆ ಕೊಡುವಂತೆಯೇ ಇಲ್ಲ. ಖಾಲಾರ ಅತ್ತೆಗೆ ಇದೇ ಭಯ ಇತ್ತಂತೆ, ಈ ವಯಸ್ಸಿನಲ್ಲಿ ಬೀದಿಗೆ ಬೀಳುತ್ತೇನೆ ಅಂತ.

ಎರಡನೆಯದು ನಮ್ಮ ಕಡೆಯ ತಪ್ಪು. ಅರ್ಜಿ ಬರೆಯುವಾಗ ಮಾಮು ಖಾಲುವಿನ ಅಣ್ಣ, ಅತ್ತಿಗೆ, ಬೇರೆ ಊರಿನಲ್ಲಿ ಸಂಸಾರ ಮಾಡಿಕೊಂಡಿರುವ ತಂಗಿ ಎಲ್ಲರ ಹೆಸರೂ ಹಾಕಿ ಅಂದರು. "ಎಲ್ಲರೂ ಬರಲಿ, ಆಗ ಬುದ್ಧಿ ಬರುತ್ತದೆ." ಕಾನೂನು ಸೇವಾ ಸಮಿತಿಯ ವಕೀಲರು ಪೆನ್ನು ತೆಗೆದುಕೊಂಡು ಒಂದೊಂದೇ ಹೆಸರು ಹೊಡೆದು ಹಾಕಿದರು. "ಇವರು ಏನು ಮಾಡಿದರು, ಯಾವತ್ತು ಮಾಡಿದರು ಹೇಳಿ" ಅಂದರು. ಖಾಲಾ, "ಆ ಹುಡುಗಿ ಏನೂ ಮಾಡಿಲ್ಲ, ನನ್ನ ಜೊತೆ ಚೆನ್ನಾಗಿದ್ದಳು" ಅಂದರು. 2024ರ ಡಿಸೆಂಬರ್‌ನಲ್ಲಿ ದಾರಾ ಲಕ್ಷ್ಮೀನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ನಿರ್ದಿಷ್ಟ ಆರೋಪ ಇಲ್ಲದೆ ಗಂಡನ ಕುಟುಂಬದ ಎಲ್ಲರನ್ನೂ 498ಎ ಕೇಸಿಗೆ ಎಳೆಯುವುದು ಕಾನೂನಿನ ದುರುಪಯೋಗ. ನಮ್ಮ ತರಗತಿಯ ಹುಡುಗರು "ಎಲ್ಲಾ ಫೇಕ್ ಕೇಸ್" ಅನ್ನುವಾಗ ನನಗೆ ಸಿಟ್ಟು ಬರುತ್ತದೆ, ಆದರೆ ಅಂಥ ಮಾತಿಗೆ ಒಂದಿಷ್ಟು ಕಾರಣ ಕೊಡುವವರು ನಮ್ಮ ಮಾಮುವಿನಂಥವರೇ.

ಆರೋಪ ಬಂದವರು ಇನ್ನೇನು ಮಾಡಬಹುದು? ನೋಟಿಸು ಬಂದರೆ ಕೋರ್ಟಿಗೆ ಹೋಗಬೇಕು, ಅದೇ ಮೊದಲ ರಕ್ಷಣೆ. ಹೋಗದಿದ್ದರೆ ಅವರಿಲ್ಲದೆಯೇ ಆದೇಶ ಆಗಬಹುದು. ಲಿಖಿತ ಉತ್ತರ ಕೊಡಬಹುದು, ಸಾಕ್ಷಿ ತರಬಹುದು, ಅರ್ಜಿದಾರರನ್ನು ಪಾಟೀಸವಾಲು ಮಾಡಬಹುದು. ಪರಿಸ್ಥಿತಿ ಬದಲಾದರೆ ಆದೇಶವನ್ನು ಮಾರ್ಪಡಿಸಿ ಅಂತ ಕೇಳಬಹುದು. ಆದೇಶ ಒಪ್ಪದಿದ್ದರೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ, ಇದು ಇಬ್ಬರಿಗೂ ಇದೆ. ಕ್ರೌರ್ಯದ ಕ್ರಿಮಿನಲ್ ದೂರಿನಲ್ಲೂ ಪೊಲೀಸರು ಕೂಡಲೇ ಹಿಡಿದುಕೊಂಡು ಹೋಗುವಂತಿಲ್ಲ. ಬಂಧನ ಯಾಕೆ ಬೇಕು ಅಂತ ಕಾರಣ ಬರೆಯಬೇಕು, ಇಲ್ಲದಿದ್ದರೆ ಹಾಜರಾಗಲು ನೋಟಿಸು ಕೊಡಬೇಕು. 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಕಟ್ಟುನಿಟ್ಟು ಮಾಡಿತು. ಠಾಣೆಯಲ್ಲಿ ಹೇಳಿದ "ಒಳಗೆ ಹೋಗ್ತಾನೆ" ಅನ್ನುವ ಮಾತು ಆ ಲೆಕ್ಕದಲ್ಲೂ ಪೂರ್ತಿ ಸರಿಯಲ್ಲ.

ನನ್ನ ಗೆಳತಿಯೊಬ್ಬಳು ಕೇಳಿದಳು, ಹೊಡೆಯುವಾಗ ಅವಳೂ ತಿರುಗಿ ಹೊಡೆದರೆ ಅವಳ ಮೇಲೂ ಕೇಸ್ ಆಗುತ್ತದಾ ಅಂತ. ತನ್ನ ದೇಹವನ್ನು ಕಾಪಾಡಿಕೊಳ್ಳಲು ಮಾಡಿದ್ದು ಅಪರಾಧವಲ್ಲ ಅಂತ ನ್ಯಾಯ ಸಂಹಿತೆಯ 34ನೇ ಕಲಂ ಹೇಳುತ್ತದೆ. ಆದರೆ ಕಾಪಾಡಿಕೊಳ್ಳಲು ಬೇಕಾದಷ್ಟು ಮಾತ್ರ. ಏಟು ನಿಂತ ಮೇಲೆ, ಮರುದಿನ ಹೋಗಿ ಹೊಡೆದರೆ ಅದು ರಕ್ಷಣೆ ಆಗುವುದಿಲ್ಲ.

ಇನ್ನು ನನಗೆ ಇಷ್ಟವಾದ ಭಾಗ, ಲೆಕ್ಕ. ಖಾಲು ತಮ್ಮ ಉತ್ತರದಲ್ಲಿ ತಿಂಗಳಿಗೆ ತೀರಾ ಕಡಿಮೆ ಆದಾಯ ಅಂತ ಬರೆದಿದ್ದರು. 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ನಿಯಮ ಮಾಡಿದೆ. ಜೀವನಾಂಶದ ಪ್ರಶ್ನೆ ಬಂದಾಗ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಕೊಡಬೇಕು. ಆದಾಯ, ಬಾಡಿಗೆ, ಸಾಲ, ವಾಹನ, ಬ್ಯಾಂಕ್ ಖಾತೆ, ವಿಮೆ ಎಲ್ಲ ಅದರಲ್ಲಿ ಬರೆಯಬೇಕು. ಆ ನಮೂನೆಯನ್ನು ನೋಡಿದಾಗ ನನಗೆ ನಮ್ಮ ಅಕೌಂಟೆನ್ಸಿ ಪುಸ್ತಕದ ಬ್ಯಾಲೆನ್ಸ್ ಶೀಟ್ ನೆನಪಾಯಿತು. ಒಂದು ಕಡೆ ತಿಂಗಳ ಆದಾಯ ಇಷ್ಟೇ ಅಂತ ಬರೆದು ಇನ್ನೊಂದು ಕಡೆ ಅದಕ್ಕಿಂತ ದೊಡ್ಡ ಬೈಕ್ ಸಾಲದ ಕಂತು ತೋರಿಸಿದರೆ, ಲೆಕ್ಕ ತಾಳೆ ಆಗುವುದಿಲ್ಲ. ಖಾಲುವಿನ ಪತ್ರದಲ್ಲಿ ಸರಿಯಾಗಿ ಹಾಗೇ ಆಗಿತ್ತು. ಅದನ್ನು ಮೊದಲು ಗಮನಿಸಿದ್ದು ನಾನು, ವಕೀಲರು "ಕಾಮರ್ಸಾ?" ಅಂತ ಕೇಳಿದರು. ಹಾಗೆಯೇ ಖಾಲಾ ಕೂಡ ತಮ್ಮ ಹೊಲಿಗೆಯ ಸಂಪಾದನೆಯನ್ನು ಮುಚ್ಚಿಡದೆ ಬರೆಯಬೇಕಾಯಿತು. ಸುಳ್ಳು ಬರೆದರೆ ಇಬ್ಬರಿಗೂ ತೊಂದರೆ. ಇನ್ನೊಂದು ಕಲಂನಲ್ಲಿ, ಗಂಡ ಕೊಡದಿದ್ದರೆ ಅವನ ಮಾಲೀಕರಿಂದ ಅಥವಾ ಅವನಿಗೆ ಸಾಲ ಕೊಡಬೇಕಾದವರಿಂದ ನೇರವಾಗಿ ಹೆಂಡತಿಗೆ ದುಡ್ಡು ಕೊಡಿಸಬಹುದು ಅಂತಿದೆ. ಋಣಿಗಳ ಖಾತೆ ಇಷ್ಟು ಉಪಯೋಗಕ್ಕೆ ಬರುತ್ತದೆ ಅಂತ ನಮ್ಮ ಸರ್ ಯಾವತ್ತೂ ಹೇಳಿರಲಿಲ್ಲ.

ಹೊಲಿಗೆ ಯಂತ್ರ ಖಾಲಾರದ್ದೇ ಅಂತ ತೋರಿಸುವುದು ಕಷ್ಟವಾಯಿತು. ಬಿಲ್ಲು ಆ ಮನೆಯಲ್ಲೇ ಉಳಿದಿತ್ತು, ಈಗ ಇಲ್ಲ. ನಾನು ಮತ್ತು ತಮ್ಮ ಆ ಅಂಗಡಿಗೆ ಹೋದೆವು. ಅಂಗಡಿಯವರು ಮೊದಲು "ಐದು ವರ್ಷದ ಹಿಂದಿನದು ಎಲ್ಲಿ ಸಿಗುತ್ತೆ" ಅಂದರು. ಆಮೇಲೆ ಅಟ್ಟದಿಂದ ಹಳೆಯ ಬಿಲ್ ಬುಕ್ಕುಗಳ ಕಟ್ಟು ಇಳಿಸಿದರು. ಎರಡು ಗಂಟೆ ಹುಡುಕಿದ ಮೇಲೆ ಕಾರ್ಬನ್ ಪ್ರತಿ ಸಿಕ್ಕಿತು. ಖಾಲಾರ ಹೆಸರು, ಮೋಟಾರ್ ಸಹಿತ ಯಂತ್ರ, 9,400 ರೂಪಾಯಿ. ಅದು ಈಗ ಕೋರ್ಟಿನ ಕಡತದಲ್ಲಿದೆ. ಹೀಗೆ ಕಾಗದ ಮುಖ್ಯ. ಏಟು ಬಿದ್ದಾಗ ಸರ್ಕಾರಿ ಆಸ್ಪತ್ರೆಗೆ ಹೋಗಿ, "ಬಿದ್ದೆ" ಅನ್ನದೆ ಹೇಗೆ ಆಯಿತು ಅಂತ ನಿಜ ಹೇಳಿ ಬರೆಸಿದರೆ ಆ ಚೀಟಿ ಸಾಕ್ಷಿಯಾಗುತ್ತದೆ. ಖಾಲಾ ಮೊದಲ ರಾತ್ರಿ ಮೆಟ್ಟಿಲಿಂದ ಬಿದ್ದೆ ಅಂತ ಬರೆಸಿದ್ದರು. ಖಾಲುವಿನ ವಕೀಲರು ಪಾಟೀಸವಾಲಿನಲ್ಲಿ ಮೊದಲು ಎತ್ತಿದ್ದು ಆ ಚೀಟಿಯನ್ನೇ. ಮೊಬೈಲಿನ ಮೆಸೇಜು, ಫೋಟೋ ಅಳಿಸಬಾರದು. ನಿಕಾಹ್‌ನಾಮಾ, ಆಧಾರ್, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಮದುವೆಯಲ್ಲಿ ಕೊಟ್ಟ ವಸ್ತುಗಳ ಪಟ್ಟಿ, ಇವುಗಳ ಒಂದು ಜೆರಾಕ್ಸ್ ನಂಬಿಕೆಯವರ ಬಳಿ ಇರಲಿ.

ಕಾಯ್ದೆಯ ಪ್ರಕಾರ ಅರ್ಜಿ ಬಂದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಮತ್ತು ಅಲ್ಲಿಂದ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು. ನಮ್ಮದು ಅರವತ್ತು ದಿನದಲ್ಲಿ ಮುಗಿದಿಲ್ಲ, ಈಗ ಎಂಟನೇ ತಿಂಗಳು. ಒಮ್ಮೆ ನೋಟಿಸು ತಲುಪಿಲ್ಲ, ಒಮ್ಮೆ ವಕೀಲರಿಲ್ಲ, ಒಮ್ಮೆ ಸಾಹೇಬರಿಗೆ ರಜೆ. ಆದರೆ ಪ್ರಮಾಣಪತ್ರದ ಆಧಾರದ ಮೇಲೆಯೇ ಮಧ್ಯಂತರ ಆದೇಶ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ, ಅದು ನಮಗೆ ಮೊದಲ ತಿಂಗಳಲ್ಲೇ ಸಿಕ್ಕಿತು. ಖಾಲಾ ಮತ್ತು ಮಕ್ಕಳು ಈಗ ಅದೇ ಮನೆಯ ಮೇಲಿನ ಕೋಣೆಯಲ್ಲಿದ್ದಾರೆ. ಖಾಲು ಹೊಡೆಯುವಂತಿಲ್ಲ, ಮೇಲೆ ಬಂದು ಕೂಗಾಡುವಂತಿಲ್ಲ, ತಿಂಗಳಿಗೆ ಮಧ್ಯಂತರ ಖರ್ಚು ಕೊಡಬೇಕು. ಎರಡು ತಿಂಗಳು ತಡವಾಗಿ ಕೊಟ್ಟರು, ಆದರೆ ಕೊಟ್ಟರು. ಆದೇಶದ ಪ್ರತಿಯನ್ನು ಕೋರ್ಟು ಎರಡೂ ಕಡೆಯವರಿಗೂ, ಆ ಠಾಣೆಗೂ ಉಚಿತವಾಗಿ ಕೊಡುತ್ತದೆ. ಅಡ್ಜಸ್ಟ್ ಮಾಡ್ಕೊಳ್ಳಿ ಅಂದ ಠಾಣೆಯಲ್ಲಿ ಈಗ ಅದರ ಪ್ರತಿ ಇದೆ. ಆ ದಿನ ಖಾಲಾರನ್ನು ಮನೆಗೆ ಬಿಡಲು ಸಂರಕ್ಷಣಾಧಿಕಾರಿಯ ಜೊತೆ ಅಲ್ಲಿನ ಒಬ್ಬ ಮಹಿಳಾ ಪೇದೆ ಬಂದಿದ್ದರು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಗಂಡನ ಹಿಂಸೆ ಅನುಭವಿಸಿದವರು ಶೇಕಡಾ 44ಕ್ಕಿಂತ ಹೆಚ್ಚು. ನಮ್ಮ ಒಂದು ಸೆಕ್ಷನ್ನಿನಲ್ಲಿ ಅರವತ್ತು ಜನ ಇದ್ದೇವೆ. ಎಷ್ಟು ಮನೆಗಳು ಅಂತ ನೀವೇ ಲೆಕ್ಕ ಹಾಕಿ. ಅದಕ್ಕೇ ಕೊನೆಯ ಒಂದೆರಡು ವಿಷಯ ನಮ್ಮ ವಯಸ್ಸಿನವರಿಗೆ. ದೌರ್ಜನ್ಯ ನಡೆಯುತ್ತಿದೆ ಅಂತ ಗೊತ್ತಾದ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಕ್ರಮವೂ ಇಲ್ಲ ಅಂತ ನಾಲ್ಕನೇ ಕಲಂನಲ್ಲಿದೆ. ವಿದ್ಯಾರ್ಥಿ ಅಂತ ಹಿಂಜರಿಯಬೇಕಾಗಿಲ್ಲ. ತಾಯಿ ಹಾಕುವ ಅರ್ಜಿಯಲ್ಲಿ ಮಕ್ಕಳಿಗೂ ರಕ್ಷಣೆ ಕೇಳಬಹುದು. ಹದಿನೆಂಟು ತುಂಬದ ಹುಡುಗನನ್ನು ಮನೆಯಲ್ಲಿ ಹಿಂಸಿಸಿದರೆ ಅದಕ್ಕೆ ಬಾಲನ್ಯಾಯ ಕಾಯ್ದೆ ಬೇರೆ ಇದೆ, 1098ಕ್ಕೆ ಕರೆ ಮಾಡಬಹುದು. ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112, ಉಚಿತ ಕಾನೂನು ನೆರವಿಗೆ 15100.

ಮುಂದಿನ ವಾಯಿದೆ ನಮ್ಮ ಮಧ್ಯವಾರ್ಷಿಕ ಪರೀಕ್ಷೆಯ ಬಿಸಿನೆಸ್ ಸ್ಟಡೀಸ್ ಪೇಪರಿನ ಮರುದಿನ. ಅಂದು ಅಂಗಡಿಯವರು ಬಿಲ್ ಬುಕ್ ತೆಗೆದುಕೊಂಡು ಸಾಕ್ಷಿಗೆ ಬರಬೇಕು. ಬರುತ್ತೇನೆ ಅಂದಿದ್ದಾರೆ. ಖಾಲಾ ಸದ್ಯಕ್ಕೆ ಪಕ್ಕದ ಮನೆಯವರ ಯಂತ್ರದಲ್ಲಿ, ಅವರು ಮಧ್ಯಾಹ್ನ ಮಲಗಿದಾಗ, ಬ್ಲೌಸ್ ಹೊಲಿಯುತ್ತಿದ್ದಾರೆ.